ಭಾನುಪ್ರಕಾಶ್ ತುಂಬಿದ ಎನರ್ಜಿ

ಭಾನುಪ್ರಕಾಶನ ದನಿ ಹುಟ್ಟಿದಾಗಿನಿಂದಲೂ ಸಣ್ಣದು. ಸಣ್ಣದು ಎಂದರೆ ಕೀರಲು ಅಂತಲ್ಲ. ಪಕ್ಕದಲ್ಲಿ ಕೂತವರಿಗೆ ಅರ್ಧ ಕೇಳಿಸಿ ಇನ್ನರ್ಧ ಗಾಳಿಗೆ ಹೋಗುವಂಥದ್ದು. ಶಾಲೆಯಲ್ಲಿ ಹಾಜರಿ ಕೂಗುವಾಗ ಇವನು 'ಎಸ್ ಸಾರ್' ಎಂದದ್ದು ಮೇಷ್ಟ್ರ ಮೇಜಿನವರೆಗೂ ತಲುಪದೆ, ಮೊದಲನೇ ಬೆಂಚಿನಲ್ಲಿ ಕೂತುಕೊಂಡೇ ಗೈರುಹಾಜರಾಗುತ್ತಿದ್ದ. ದೊಡ್ಡವನಾದ ಮೇಲೆ ತುಮಕೂರಿನ ಹೋಟೆಲುಗಳಲ್ಲಿ ಮಸಾಲೆ ದೋಸೆ ಕೇಳಿ ಇಡ್ಲಿ ತಿಂದು ಬರುವುದು ಅಭ್ಯಾಸವಾಯಿತು. ನಾನು ಕೇಳಿದ್ದು ದೋಸೆ ಎಂದು ಇನ್ನೊಂದು ಸಲ ಹೇಳಬಹುದಿತ್ತು. ಅದೂ ಕೇಳಿಸದೆ ಇನ್ನೊಂದು ಪ್ಲೇಟ್ ಇಡ್ಲಿ ಬಂದುಬಿಟ್ಟರೆ ಏನು ಗತಿ ಎಂದು ಸುಮ್ಮನೆ ತಿನ್ನುತ್ತಿದ್ದ. ಇದನ್ನೆಲ್ಲ ಅವನೇ ಹೇಳಿಕೊಂಡು ನಗುತ್ತಾನೆ. ಆ ನಗುವೂ ಯಾರಿಗೂ ಕೇಳಿಸುವುದಿಲ್ಲ.

ಪ್ರೇಮಲತಾಳನ್ನು ನೋಡಲು ಹೋದ ದಿನ ಅವಳ ಮನೆಯವರು, ಹುಡುಗ ಒಂದು ಮಾತೂ ಆಡಲಿಲ್ಲ, ಬಲು ಸಂಭಾವಿತ ಎಂದು ಮೆಚ್ಚಿಕೊಂಡು ಒಪ್ಪಿಬಿಟ್ಟರು. ಭಾನುಪ್ರಕಾಶ್ ಅವತ್ತು ಕೂತಲ್ಲಿಂದ ಎದ್ದೇಳುವವರೆಗೂ ಮಾತಾಡಿದ್ದ. ತನ್ನ ಕೆಲಸ, ಶಿಫ್ಟು, ತನಗೆ ಹಾಡೆಂದರೆ ಇರುವ ಹುಚ್ಚು, ಎಲ್ಲವನ್ನೂ ಹೇಳಿದ್ದ. ಗುಬ್ಬಿಯ ಸ್ಕೂಲಿನಲ್ಲಿ ಟೀಚರಾಗಿರುವ ಪ್ರೇಮಲತಾಳದ್ದು ಮೂರು ತರಗತಿಗೆ ಒಟ್ಟಿಗೆ ಪಾಠ ಮಾಡಬಲ್ಲ ಗಂಟಲು. ಗಂಡನಿಗೆ ಹುಚ್ಚಿದೆ ಎಂಬುದು ಅವಳಿಗೆ ಗೊತ್ತಾದದ್ದು ಮದುವೆಯಾದ ಮೇಲೆ. ಹೇಳಲೇ ಇಲ್ಲವಲ್ಲ ಎಂದು ಇವತ್ತಿಗೂ ಜಗಳಕ್ಕೆ ಬರುತ್ತಾಳೆ.

ಕೆಲಸವೂ ಅವನ ಗಂಟಲಿಗೆ ಸರಿಯಾದದ್ದೇ ಸಿಕ್ಕಿತು. ಹಿರೇಹಳ್ಳಿಯಲ್ಲಿ ತಗಡು ಒತ್ತುವ ಕಾರ್ಖಾನೆ. ಪ್ರೆಸ್ಸು ಬಿದ್ದರೆ ನೆಲ ನಡುಗುತ್ತದೆ, ಪಕ್ಕದಲ್ಲಿ ನಿಂತವನು ಕೂಗಿದರೂ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತದೆ. ಎಲ್ಲರೂ ಕೈಸನ್ನೆಯಲ್ಲೇ ಮಾತಾಡಬೇಕು. ಅಲ್ಲಿ ಎಲ್ಲರೂ ಭಾನುಪ್ರಕಾಶರೇ ಆದ್ದರಿಂದ ಅವನಿಗೆ ಆ ಜಾಗ ಹಿತವಾಗಿತ್ತು.

ಅಂಥವನ ಕೈಗೆ ಕಂಪ್ರೆಸರ್ ಸಿಕ್ಕಿತು. ಫ್ರಿಜ್ಜಿನ ಕಂಪ್ರೆಸರ್ ಅಲ್ಲ, ಹಾಡು ಮಿಕ್ಸ್ ಮಾಡುವವರು ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಒಂದು ಪುಟ್ಟ ಪ್ಲಗಿನ್. ಫೋನಿನಲ್ಲಿ ಯಾವುದೋ ವಿಡಿಯೋ ನೋಡುತ್ತ ನೋಡುತ್ತ ಪುಕ್ಕಟೆ ಸಿಗುವ ಒಂದನ್ನು ಹಳೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡ. ಅದರ ಕೆಲಸ ಮದುವೆ ಮನೆಯ ಗ್ರೂಪ್ ಫೋಟೋದವನ ಕೆಲಸವೇ. ಉದ್ದ ಇರುವವರನ್ನೆಲ್ಲ ಸ್ವಲ್ಪ ಬಗ್ಗಿ ಸಾರ್ ಎನ್ನುತ್ತದೆ. ಎಲ್ಲರ ತಲೆಯೂ ಒಂದೇ ಮಟ್ಟಕ್ಕೆ ಬಂದ ಮೇಲೆ ನಿಂತ ಬೆಂಚನ್ನೇ ಎತ್ತಿ ಮೇಲಿಡುತ್ತದೆ. ಜೋರು ಸದ್ದು ತಗ್ಗುತ್ತದೆ, ತಗ್ಗಿದ ಸದ್ದು ಎದ್ದು ಕೂರುತ್ತದೆ, ಒಟ್ಟು ಹಾಡಿಗೆ ಒಂದು ಧಿಮಾಕು ಬರುತ್ತದೆ. ಕಲಿಸುವವರೆಲ್ಲ ಕೊನೆಗೆ ಒಂದು ಮಾತು ಹೇಳುತ್ತಾರೆ, ಉಪ್ಪಿನ ಹಾಗೆ ಬಳಸಿ ಎಂದು. ಭಾನುಪ್ರಕಾಶ್ ವಿಡಿಯೋಗಳನ್ನು ಕೊನೆಯವರೆಗೂ ನೋಡುವವನಲ್ಲ.

ಮೊದಲು ತನ್ನ ದನಿಯನ್ನೇ ರೆಕಾರ್ಡ್ ಮಾಡಿ ಅದರ ಮೇಲೆ ಕಂಪ್ರೆಸರ್ ಹಾಕಿದ. 'ನಾನು ಭಾನುಪ್ರಕಾಶ್ ಮಾತಾಡ್ತಾ ಇರೋದು' ಎಂದು ಸ್ಪೀಕರಿನಿಂದ ಯಾರೋ ತಾಲ್ಲೂಕು ಮಟ್ಟದ ಮುಖಂಡ ಮಾತಾಡಿದ ಹಾಗೆ ಬಂತು. ಅದನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿದ. ಅಡುಗೆಮನೆಯಿಂದ ಪ್ರೇಮಲತಾ, ಯಾರ್ರೀ ಬಂದಿರೋದು, ಕಾಫಿಗೆ ಇಡಲಾ ಎಂದಳು. ಆ ಕ್ಷಣ ಅವನಿಗೆ ಬದುಕಿನಲ್ಲಿ ಏನೋ ಸಿಕ್ಕಿತು ಅನ್ನಿಸಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಇವನಿಗೆ ಬಂದದ್ದು ಸೌಂಡು, ಹಿಡಿಯಲು ಕೊಡೆಯೂ ಇರಲಿಲ್ಲ.

ಆಮೇಲೆ ಅವನ ಕೈಗೆ ಸಿಕ್ಕ ಹಾಡುಗಳು ಬದುಕಿ ಉಳಿಯಲಿಲ್ಲ. ಕ್ಯಾತ್ಸಂದ್ರದ ಹಾಸ್ಟೆಲಿನ ಕಾಲೇಜು ಹುಡುಗರು ರ‍್ಯಾಪ್ ತಂದರು, ಗುಬ್ಬಿಯ ಭಜನೆ ಮಂಡಳಿಯವರು ದೇವರನಾಮ ತಂದರು. ಎಲ್ಲರೂ ಕೇಳುತ್ತಿದ್ದುದು ಒಂದೇ ಮಾತು, ಸಾರ್ ಎನರ್ಜಿ ಬೇಕು ಎಂದು. ಇವನು ದನಿಗೊಂದು ಕಂಪ್ರೆಸರ್, ತಬಲಕ್ಕೊಂದು, ತಾಳಕ್ಕೊಂದು, ಅವೆಲ್ಲದರ ಮೇಲೆ ಇನ್ನೊಂದು, ಕೊನೆಯಲ್ಲಿ ಸದ್ದು ಚಾವಣಿ ದಾಟದಂತೆ ತಡೆಯುವ ಲಿಮಿಟರ್ ಹಾಕುತ್ತಿದ್ದ. ಭಜನೆಯಲ್ಲಿ ಮುದುಕರು ಉಸಿರೆಳೆದುಕೊಳ್ಳುವುದು ಬುಲ್ಡೋಜರ್ ಹಿಂದೆ ಸರಿದ ಹಾಗೆ ಕೇಳಿಸುತ್ತಿತ್ತು. ಪ್ರೇಮಲತಾ ಒಮ್ಮೆ ಕೂತು ಕೇಳಿ, ನಮ್ಮ ಸ್ಕೂಲಲ್ಲಿ ಬೆಲ್ ಹೊಡೆದ ಮೇಲೆ ಮಕ್ಕಳು ಹೊರಗೆ ಓಡೋವಾಗ ಹಿಂಗೇ ಇರುತ್ತೆ ಎಂದಳು. ಅವನು ಅದನ್ನು ಹೊಗಳಿಕೆ ಎಂದುಕೊಂಡ.

ಆಗ ಅವರಿದ್ದದ್ದು ಶೆಟ್ಟಿಹಳ್ಳಿಯ ಬಾಡಿಗೆ ಮನೆಯಲ್ಲಿ. ಮನೆಯ ಓನರ್ ರಾಮಾಂಜಿನಯ್ಯ ಕೆಳಗಿನ ಮನೆಯಲ್ಲಿದ್ದರು, ಒಳ್ಳೆಯ ಮನುಷ್ಯ. ಒಂದು ಭಾನುವಾರ ಭಾನುಪ್ರಕಾಶ್ ಡ್ರಮ್ಮಿನ ಏಟಿಗೆ ಎನರ್ಜಿ ತುಂಬಲು ಕೂತು, ಬೆಳಗಿನಿಂದ ಸಂಜೆಯವರೆಗೆ ಆ ಒಂದೇ ಏಟನ್ನು ಹೊಡೆಸಿದ. ಸಂಜೆ ರಾಮಾಂಜಿನಯ್ಯ ಮೇಲೆ ಬಂದು, ನಿಮಗೆ ಬೇರೆ ಒಳ್ಳೆಯ ಮನೆ ನಾನೇ ಹುಡುಕಿಕೊಡುತ್ತೇನೆ ಎಂದು ಕೈಮುಗಿದರು. ಭಾನುಪ್ರಕಾಶ್ ವಿವರಣೆ ಕೊಟ್ಟ. ಅವರಿಗೆ ಕೇಳಿಸಲಿಲ್ಲ.

ಹೀಗೆ ಸಂಸಾರ ಗುಬ್ಬಿ ಪಕ್ಕದ ಸ್ವಂತ ಊರಿಗೆ ಬಂತು. ಪ್ರೇಮಲತಾಳಿಗೆ ಸ್ಕೂಲು ಹತ್ತಿರವಾಯಿತು, ಭಾನುಪ್ರಕಾಶನಿಗೆ ಬೈಕಿನ ದಾರಿ ಉದ್ದವಾಯಿತು. ತೋಟದ ಮನೆಯ ಪಕ್ಕಕ್ಕೆ ಕೊಬ್ಬರಿ ಹೋಳು ಮಾಡಿ ಚೀಲಕ್ಕೆ ತುಂಬುತ್ತಿದ್ದ ಒಂದು ಕೋಣೆ ಇತ್ತು. ಅದರ ಗೋಡೆಗೆಲ್ಲ ತೆಂಗಿನ ನಾರಿನ ಚಾಪೆ ಹೊಡೆದು, ಕಿಟಕಿಗೆ ಹಳೇ ಹಾಸಿಗೆ ಒತ್ತಿ, ಸ್ಟುಡಿಯೋ ಎಂದು ಕರೆದ. ಅಪ್ಪ ಅಣ್ಣಯ್ಯಪ್ಪ ಅದನ್ನು ಆಮೇಲೂ ಕೊಬ್ಬರಿ ರೂಮು ಎಂದೇ ಕರೆದರು. ಕೊಬ್ಬರಿ ಇಲ್ಲದ ಕೊಬ್ಬರಿ ರೂಮನ್ನು ನೋಡಿದಾಗಲೆಲ್ಲ ಅವರಿಗೆ ಮೈ ಉರಿಯುತ್ತಿತ್ತು. ಈ ವರ್ಷ ಅಟ್ಟದ ತೊಲೆಗೆ ಗೆದ್ದಲು ಹಿಡಿಯಿತು, ಇಳಿಸಿದ ಕಾಯಿ ಇಡಲು ಜಾಗವಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ತಿನ್ನುತ್ತ, ಹೇಮಶ್ರೀ ಮದುವೆ ಮುಗಿದ ವಾರ ಆ ರೂಮು ಖಾಲಿ ಆಗಬೇಕು ಎಂದುಬಿಟ್ಟರು. ಹೇಮಶ್ರೀ ಭಾನುಪ್ರಕಾಶನ ತಂಗಿ. ಕುಣಿಗಲಿನ ಹುಡುಗನ ಜೊತೆ ಮದುವೆ ಗೊತ್ತಾಗಿ ಛತ್ರವೂ ಬುಕ್ ಆಗಿತ್ತು.

ಅದರಿಂದ ಊರಿನ ಯಾರಿಗಾದರೂ ಒಂದು ಸಾಸಿವೆ ಕಾಳಿನಷ್ಟು ಉಪಯೋಗ ಆಗಿರೋದು ತೋರಿಸು, ಬಿಟ್ಟುಬಿಡುತ್ತೇನೆ ಎಂದೂ ಅಪ್ಪ ಹೇಳಿದರು. ಭಾನುಪ್ರಕಾಶ್ ಮೂರು ಉಪಯೋಗ ಹೇಳಿದ. ಅಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಅವನಿಗೆ ನಿಜವಾಗಿ ದುಃಖವಾಯಿತು. ಲೋಕದಲ್ಲಿ ಅವನ ಮಾತು ನಡೆಯುತ್ತಿದ್ದದ್ದು ಆ ನಾಲ್ಕು ಗೋಡೆಯೊಳಗೆ ಮಾತ್ರ. ಅದೂ ಹೋದರೆ ಉಳಿಯುವುದು ತಗಡಿನ ಪ್ರೆಸ್ಸು.

ಆಗಲೇ ಅಮ್ಮ ಗಂಗಲಕ್ಷ್ಮಮ್ಮನ ಗಂಟಲು ಕೆಟ್ಟದ್ದು. ಸುತ್ತ ಹತ್ತು ಹಳ್ಳಿಯಲ್ಲಿ ಸೋಬಾನೆ ಎಂದರೆ ಗಂಗಲಕ್ಷ್ಮಮ್ಮ. ಯಾರ ಮನೆಯ ಅರಿಶಿನ ಶಾಸ್ತ್ರವಾದರೂ ಆಕೆ ಪದ ಎತ್ತಬೇಕು, ಕುಣಿಗಲ್ ಕಡೆಗೆ ಕೊಟ್ಟಿದ್ದ ತಂಗಿ ಸಿದ್ದಲಕ್ಷ್ಮಮ್ಮ ಬಂದು ಅದನ್ನು ತಿರುಗಿಸಿ ಹೇಳಬೇಕು. ಸ್ವಂತ ಮಗಳ ಮದುವೆ ಹತ್ತಿರ ಬಂದಾಗ ಆ ಗಂಟಲು ಕೈಕೊಟ್ಟಿತು. ಕತ್ತಿಗೆ ಒಂದು ಟವೆಲ್ ಸುತ್ತಿಕೊಂಡು, ಹೊತ್ತುಹೊತ್ತಿಗೆ ಕಷಾಯ ಕುಡಿಯುತ್ತ, ಛತ್ರದಲ್ಲಿ ಅಷ್ಟು ಜನರ ಮುಂದೆ ಹಾಡಲು ನನ್ನ ಕೈಲಾಗದು ಎಂದು ಆಕೆ ಕೂತುಬಿಟ್ಟರು. ಮನೆಯಲ್ಲಿ ಎಲ್ಲರ ಮುಖ ಸಪ್ಪಗಾಯಿತು. ಆಮೇಲೆ ಆಕೆಯೇ ಒಂದು ದಾರಿ ಹೇಳಿದರು. ಭಾನು ರೂಮಲ್ಲಿ ನಿಧಾನಕ್ಕೆ ಹಾಡ್ತೀನಿ, ಅವನು ಅದ್ಯಾವುದೋ ಮಿಷಿನ್ನಲ್ಲಿ ಜೋರು ಮಾಡಿ ಅಲ್ಲಿ ಹಾಕಲಿ, ಆಗುತ್ತಾ ಕೇಳಿ ಎಂದರು. ಅಣ್ಣಯ್ಯಪ್ಪ ಮಗನ ಮುಖ ನೋಡಿದರು. ಆಗುತ್ತೆ ಎಂದು ಭಾನುಪ್ರಕಾಶ್ ಹೇಳಿದ್ದು ಅವತ್ತು ಅಪ್ಪನಿಗೂ ಕೇಳಿಸಿತು. ಹಾಡು ಸರಿಯಾಗಿ ಬಂದರೆ ರೂಮಿನ ವಿಷಯ ಆಮೇಲೆ ನೋಡೋಣ ಎಂದರು ಅವರು.

ರೆಕಾರ್ಡಿಂಗ್ ದಿನ ಚಿಕ್ಕಮ್ಮ ಸಿದ್ದಲಕ್ಷ್ಮಮ್ಮನೂ ಬಂದರು. ಅಕ್ಕತಂಗಿ ಚಾಪೆಯ ಮೇಲೆ ಎದುರುಬದುರು ಕೂತರು, ಇಬ್ಬರ ಮುಂದೂ ಒಂದೊಂದು ಮೈಕು. ಫ್ಯಾನಿನ ಸದ್ದು ಬರುತ್ತದೆಂದು ಫ್ಯಾನ್ ಆಫ್. ಬೇಸಿಗೆಯಾದ್ದರಿಂದ ಕೋಣೆ ಬಾಣಲೆಯಾಗಿತ್ತು. ಭಾನುಪ್ರಕಾಶ್ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು ಎನ್ನುವಷ್ಟರಲ್ಲಿ ಹೊರಗೆ ಅಪ್ಪ ಕಾಯಿ ಸುಲಿಯಲು ಶುರುಮಾಡಿದರು. ಬೇಡ ಎಂದು ಒಳಗಿನಿಂದ ಹೇಳಿದ್ದು ಅವರಿಗೆಲ್ಲಿ ಕೇಳಬೇಕು? ಮಗ ಹೊರಗೆ ಹೋಗಿ ನೆಲಕ್ಕೆ ನೆಟ್ಟ ಸುಲಿಗೋಲಿನ ಮೇಲೇ ಕೈಯಿಟ್ಟು ನಿಂತ. ಕೈ ತೆಗೆದರೆ ಅಪ್ಪ ಒಂದು ಕಾಯಿ ಕುಟ್ಟಿಬಿಡುತ್ತಿದ್ದರು. ಹಾಗಾಗಿ ಹಾಡು ಮುಗಿಯುವವರೆಗೂ ಅವನು ಅಲ್ಲಿಂದ ಅಲ್ಲಾಡಲಿಲ್ಲ, ಒಳಗೆ ಲ್ಯಾಪ್‌ಟಾಪು ತನ್ನ ಪಾಡಿಗೆ ತಾನು ಎಲ್ಲವನ್ನೂ ಬರೆದುಕೊಳ್ಳುತ್ತಿತ್ತು. ಸೌಂಡ್ ಎಂಜಿನಿಯರ್ ಸುಲಿಗೋಲು ಹಿಡಿದು ನಿಂತ ಸ್ಟುಡಿಯೋ ಪ್ರಪಂಚದಲ್ಲಿ ಇದೊಂದೇ ಇರಬೇಕು ಎಂದು ಆಮೇಲೆ ಅವನೇ ಹೇಳುತ್ತಿದ್ದ.

ಹೊರಗೆ ಬಂದ ಅಮ್ಮ ಒಂದು ಕಟ್ಟಪ್ಪಣೆ ಮಾಡಿದರು. ಒಂದೊಂದು ಪದ ಆದ ಮೇಲೂ ಬಿಟ್ಟಿರುವ ಜಾಗವನ್ನು ಕತ್ತರಿಸಬಾರದು. ಒಬ್ಬ ಮುತ್ತೈದೆ ಅರಿಶಿನ ಹಚ್ಚಿ ಎದ್ದು ಇನ್ನೊಬ್ಬಳು ಬಂದು ಕೂರುವಷ್ಟು ಹೊತ್ತು ಹಾಡು ನಿಂತಿರಬೇಕು. ಅದು ಶಾಸ್ತ್ರ. ಅವಸರ ಮಾಡಿದರೆ ಅರಿಶಿನ ಯಾರ ಕೆನ್ನೆಗೂ ಸರಿಯಾಗಿ ಕೂರುವುದಿಲ್ಲ ಎಂದರು. ಭಾನುಪ್ರಕಾಶ್ ತಲೆಯಾಡಿಸಿದ. ಸ್ಕ್ರೀನಿನ ಮೇಲೆ ನೋಡಿದರೆ ಆ ಬಿಟ್ಟ ಜಾಗಗಳಲ್ಲಿ ಗೆರೆ ಸಪಾಟಾಗಿ ಮಲಗಿತ್ತು. ಏನೂ ಇಲ್ಲ ಎಂದುಕೊಂಡ.

ಮಿಕ್ಸ್ ಮಾಡಲು ಕೂತದ್ದು ಶಿಫ್ಟು ಮುಗಿಸಿ ಬಂದ ಸಂಜೆಗಳಲ್ಲಿ. ಕಿವಿಯಲ್ಲಿ ಪ್ರೆಸ್ಸು ಇನ್ನೂ ಗುಂಯ್‌ಗುಡುತ್ತಿರುತ್ತಿತ್ತು. ಸೆಕೆ ತಡೆಯಲಾಗದೆ ಫ್ಯಾನನ್ನು ಐದಕ್ಕೆ ಹಾಕಿಕೊಂಡಿದ್ದ, ಅದು ಹೆಲಿಕಾಪ್ಟರಿನ ತಮ್ಮ. ಸಣ್ಣ ಸದ್ದುಗಳು ಬಂದಾಗ ಬಾಗಿಲು ಮುಚ್ಚಿ ಹೊರಗೇ ನಿಲ್ಲಿಸುವ ಗೇಟ್ ಎಂಬ ಇನ್ನೊಂದು ಪ್ಲಗಿನ್ ಇದೆ. ಅದನ್ನು ಹಾಕಿ ನೋಡಿದ, ಚಿಕ್ಕಮ್ಮನ ಬಳೆ ಸದ್ದು ಅರ್ಧಕ್ಕೇ ತುಂಡಾಗುತ್ತಿತ್ತು. ಬಳೆ ಸದ್ದು ಇಲ್ಲದ ಸೋಬಾನೆ ಏನು ಚೆಂದ ಎಂದು ಗೇಟ್ ತೆಗೆದು ಬಿಸಾಕಿದ. ಅಮ್ಮನ ದನಿ ಒಂದು ಕಡೆ ತಗ್ಗಿ, ಒಂದು ಕಡೆ ಏರಿ ಹೋಗುತ್ತಿತ್ತು, ಪಾಪ, ಗಂಟಲು ನೋವು. ಅದಕ್ಕೆ ಕಂಪ್ರೆಸರ್ ಹಾಕಿ ಮಟ್ಟ ಮಾಡಿದ. ಸಾಲದು ಅನ್ನಿಸಿ ಇನ್ನೊಂದು ಹಾಕಿದ. ಛತ್ರದ ಗಲಾಟೆಯಲ್ಲೂ ಕೇಳಬೇಕು, ಕುಣಿಗಲಿನ ಬೀಗರು ಬಾಯಿ ಬಿಡಬೇಕು, ಅಪ್ಪ ರೂಮಿನ ಮಾತು ಮರೆಯಬೇಕು ಎಂದು ಬೆಂಚನ್ನು ಎತ್ತುತ್ತಲೇ ಹೋದ. ಪ್ರೇಮಲತಾ ಬಾಗಿಲಲ್ಲಿ ನಿಂತು, ಅತ್ತೆ ನಿಜವಾಗಿ ಹಿಂಗೆ ಹಾಡಲ್ಲ ಕಣ್ರೀ, ಒಂದು ಸಲ ಫ್ಯಾನ್ ಆರಿಸಿ ಕೇಳಿ ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕಂತೆ, ಕೇಳಲಾರದವಳಿಗೆ ಫ್ಯಾನ್ ಜೋರಂತೆ ಎಂದು ಅವನು ಗೊಣಗಿಕೊಂಡ. ಅವಳಿಗೆ ಕೇಳಿಸದೇ ಇದ್ದದ್ದು ಅವನ ಪುಣ್ಯ.

ಮದುವೆಯ ಹಿಂದಿನ ಮಧ್ಯಾಹ್ನ ಕುಣಿಗಲಿನ ಛತ್ರದಲ್ಲಿ ಅರಿಶಿನ ಶಾಸ್ತ್ರ. ಎರಡೂ ಕಡೆಯವರು ಸೇರಿದ್ದರು. ಸೌಂಡ್ ಸಿಸ್ಟಮ್ ರವೀಶನದ್ದು, ಮನುಷ್ಯನೆತ್ತರದ ಸ್ಪೀಕರುಗಳು ಹಾಲಿನ ಎರಡೂ ಬದಿಗೆ ನಿಂತಿದ್ದವು. ಭಾನುಪ್ರಕಾಶ್ ಹಾಡನ್ನು ಪೆನ್‌ಡ್ರೈವಿನಲ್ಲಿ ಅವನ ಕೈಗೆ ಕೊಟ್ಟು, ಫುಲ್ ಇಡಪ್ಪ ಎಂದಿದ್ದ. ಅಣ್ಣನಾದ್ದರಿಂದ ಅವನು ಹಸೆಯ ಪಕ್ಕದಲ್ಲೇ ಇರಬೇಕಿತ್ತು. ಹೊಸ ಪಂಚೆ ಉಟ್ಟು, ಕೈಯಲ್ಲಿ ಅರಿಶಿನದ ಬಟ್ಟಲು ಹಿಡಿದು ನಿಂತ. ಹೇಮಶ್ರೀ ಹಸೆಯ ಮೇಲಿದ್ದಳು. ಅವಳ ಹಿಂದೆ ಅಮ್ಮ, ಕತ್ತಿಗೆ ಟವೆಲ್ಲು. ಹೆಣ್ಣಿನ ಕಡೆಯ ಇಬ್ಬರಾದ ಮೇಲೆ ಅರಿಶಿನ ಹಚ್ಚಬೇಕಾದವರು ಹುಡುಗನ ಸೋದರತ್ತೆ ದೊಡ್ಡಗಂಗಮ್ಮ, ಆ ಕಡೆಯ ಹಿರಿಯ ಹೆಂಗಸು, ಅವರ ಮಾತಿಗೆ ಆ ಮನೆಯಲ್ಲಿ ಎದುರಿಲ್ಲ.

ರವೀಶ ಹಾಡು ಹಾಕಿ ಊಟದ ಹಾಲಿನ ಕಡೆ ನಡೆದ. ಮೊದಲನೇ ಪದಕ್ಕೇ ಛತ್ರದ ತಗಡು ಅದುರಿತು. ಜನ ಮಾತು ನಿಲ್ಲಿಸಿ ತಿರುಗಿ ನೋಡಿದರು. ಅಣ್ಣಯ್ಯಪ್ಪ ಎದೆಯ ಮೇಲೆ ಕೈಕಟ್ಟಿ ನಿಂತು, ಪರವಾಗಿಲ್ಲ ಎಂಬಂತೆ ಒಂದು ಸಲ ತಲೆದೂಗಿದರು. ರೂಮು ಉಳಿಯಿತು ಎಂದು ಭಾನುಪ್ರಕಾಶನಿಗೆ ಅನ್ನಿಸಿದ್ದು ಆಗ. ಅವನ ಜೀವಮಾನದಲ್ಲಿ ಅಷ್ಟು ಖುಷಿಯಾಗಿದ್ದು ಕಡಿಮೆ.

ಪದ ಮುಗಿಯಿತು. ಅರಿಶಿನ ಹಚ್ಚಲು ಬಿಟ್ಟ ಜಾಗ ಬಂತು. ಎರಡೂ ಸ್ಪೀಕರುಗಳಿಂದ ಗಟಗಟ ನೀರು ಕುಡಿಯುವ ಸದ್ದು ಹೊರಟಿತು, ಕಲಗಚ್ಚಿನ ಬಾನಿಗೆ ಬಾಯಿ ಹಾಕಿದ ಎಮ್ಮೆಯಷ್ಟು ದೊಡ್ಡದಾಗಿ. ಮಕ್ಕಳು ನಕ್ಕವು. ಎರಡನೇ ಪದವಾದ ಮೇಲೆ ಚಿಕ್ಕಮ್ಮನ ಪಿಸುಮಾತು ಇಡೀ ಛತ್ರಕ್ಕೆ ಕೇಳುವಂತೆ ಬಂತು. ಈ ಹುಡುಗ ಒಂದು ಫ್ಯಾನಾದರೂ ಹಾಕಬಾರದಾ ಅಕ್ಕ, ಬೆವೆತು ನೀರಾದೆ ಎನ್ನುತ್ತಿತ್ತು ಅದು. ಆಗ ದೊಡ್ಡವರೂ ನಕ್ಕರು. ಸಪಾಟಾಗಿ ಮಲಗಿದ್ದ ಆ ಗೆರೆಯೊಳಗೆ ಏನಿತ್ತು ಎಂಬುದು ಭಾನುಪ್ರಕಾಶನಿಗೆ ಹೊಳೆದದ್ದು ಆ ಕ್ಷಣ. ಕಂಪ್ರೆಸರ್ ತನ್ನ ಧರ್ಮವನ್ನು ಚೆನ್ನಾಗಿಯೇ ಪಾಲಿಸಿತ್ತು. ತಗ್ಗಿದ್ದನ್ನೆಲ್ಲ ಎತ್ತಿತ್ತು.

'ರವೀಶ, ನಿಲ್ಸಪ್ಪ' ಎಂದು ಕೂಗಿದ. ಪಕ್ಕದಲ್ಲಿದ್ದ ತಂಗಿಗೂ ಕೇಳಿಸಲಿಲ್ಲ. ಮತ್ತೆ ಕೂಗಿದ. ಆಗ ಮೂರನೇ ಪದ ಶುರುವಾಗಿ, ತಾನೇ ತುಂಬಿದ ಎನರ್ಜಿ ತನ್ನ ದನಿಯನ್ನೇ ಹೊಸಕಿ ಹಾಕಿತು. ಮಾಡಿದ್ದುಣ್ಣೋ ಮಹರಾಯ. ಬಟ್ಟಲು ಪ್ರೇಮಲತಾಳ ಕೈಗೆ ಕೊಟ್ಟು, ಪಂಚೆ ಎತ್ತಿಕಟ್ಟಿ ಜನರ ನಡುವೆ ನುಗ್ಗಿದ. ಬೀಗರು ದಾರಿಗೆ ಅಡ್ಡ ಬಂದು ಕೈ ಕುಲುಕಿದರು, ಯಾರೋ ಚೆನ್ನಾಗಿದ್ದೀರಾ ಎಂದರು, ಇವನು ಎಲ್ಲರಿಗೂ ಹೂಂ ಹೂಂ ಎನ್ನುತ್ತ ಹೋದ. ಅರ್ಧ ಹಾಲು ದಾಟುವಷ್ಟರಲ್ಲಿ ಮೂರನೇ ಪದ ಮುಗಿಯಿತು. ಹುಡುಗನ ಸೋದರತ್ತೆ ಬಳೆ ಶಾಸ್ತ್ರದ ದಿನ ಪೂರ್ತಿ ಮೂತಿ ತಿರುಗಿಸಿಕೊಂಡೇ ಇದ್ದಳಲ್ಲ ಎಂದು ಚಿಕ್ಕಮ್ಮ ಕೇಳುವುದೂ, ಆ ಮೂತಿ ದೇವರು ಕೊಟ್ಟಿದ್ದೇ ಹಂಗೆ ಇರಬೇಕು ಬುಡು ಎಂದು ಅಮ್ಮ ಹೇಳುವುದೂ ಎಲ್ಲರಿಗೂ ಕೇಳಿಸಿತು. ಈ ಸಲ ಯಾರೂ ನಗಲಿಲ್ಲ. ದೊಡ್ಡಗಂಗಮ್ಮನ ಅರಿಶಿನದ ಕೈ ಹೇಮಶ್ರೀಯ ಕೆನ್ನೆಯ ಹತ್ತಿರವೇ ನಿಂತಿತು.

ನಾಲ್ಕನೇ ಪದ ಮುಗಿಯುವ ಹೊತ್ತಿಗೆ ಭಾನುಪ್ರಕಾಶ್ ಮಿಕ್ಸರ್ ಹತ್ತಿರ ಬಂದಿದ್ದ. ಗಾಬರಿಯಲ್ಲಿ ಯಾವುದೋ ಎರಡು ಬಟನ್ ಒತ್ತಿದ, ಬಣ್ಣದ ಲೈಟು ಸುತ್ತಲು ಶುರುವಾಯಿತು, ಹಾಡು ನಿಲ್ಲಲಿಲ್ಲ. ಸ್ಪೀಕರಿನಲ್ಲಿ ಚಿಕ್ಕಮ್ಮ ಕೇಳುತ್ತಿದ್ದರು.

'ಗಂಟ್ಲು ಇಷ್ಟು ಚೆನ್ನಾಗೈತೆ, ಛತ್ರದಲ್ಲೇ ಹಾಡ್ಬೋದಿತ್ತಲ್ಲಕ್ಕ. ಈ ಒಲೇಲಿ ಯಾಕೆ ಕೂರ್ಸಿದ್ದೀಯ ನನ್ನ?'

'ಗಂಟ್ಲಿಗೇನಾಗೈತೆ ಕಣೇ? ಹಿಂಗಂದ್ರೇನೇ ನಿಮ್ ಭಾವ ರೂಮು ಬುಡೋದು. ಆ ಕಷಾಯ ಕುಡ್ದು ಕುಡ್ದು ನನ್ ನಾಲ್ಗೆ ಸತ್ತೋಗೈತೆ.' ಅಮ್ಮನ ಉಸಿರು ಛತ್ರದ ತುಂಬ ಹರಿಯಿತು. 'ಹುಟ್ಟಿದಾಗಿಂದ ನನ್ ಮಗ ಮಾತಾಡಿದ್ದು ಒಬ್ರಿಗೂ ಕೇಳ್ಸಿಲ್ಲ. ಒಳಗೆ ಕೂತ್ಕಂಡು ಏನೋ ಸದ್ದು ಮಾಡ್ಕತಾನೆ. ಮಾಡ್ಕಳ್ಲಿ ಬುಡು.'

'ಇವ್ನು ಮಾಡೋ ಹಾಡು ಚೆನ್ನಾಗಿರ್ತವಾ?'

'ಅಯ್ಯೋ, ತಲೆನೋವು ಬರ್ತವೆ. ಅವ್ನತ್ರ ಹೇಳ್ಬೇಡ ಮತ್ತೆ.'

ಊಟದ ಹಾಲಿನಿಂದ ಎಂಜಲು ಕೈಯಲ್ಲೇ ಓಡಿಬಂದ ರವೀಶ ವೈರು ಕಿತ್ತ. ಬಣ್ಣದ ಲೈಟು ಮಾತ್ರ ಎಲ್ಲರ ಮುಖದ ಮೇಲೂ ಕೆಂಪು ಹಸಿರು ಬಳಿಯುತ್ತ ಸುತ್ತುತ್ತಿತ್ತು.

ಭಾನುಪ್ರಕಾಶನಿಗೆ ಅಲ್ಲೇ ನೆಲ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ತನ್ನ ಹಾಡು ತಲೆನೋವು ಎಂಬುದು ಎರಡು ಊರಿಗೆ ಗೊತ್ತಾಯಿತಲ್ಲ ಎಂದಲ್ಲ. ಅದು ಹೇಗೂ ಗೊತ್ತಿದ್ದದ್ದೇ. ಅಮ್ಮ ಅಷ್ಟು ದಿನ ಆ ಕಹಿ ನೀರು ಕುಡಿದದ್ದು, ಈ ಸೆಕೆಯಲ್ಲಿ ಕತ್ತಿಗೆ ಟವೆಲ್ ಸುತ್ತಿದ್ದು, ಸ್ವಂತ ಮಗಳ ಶಾಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಿಂತದ್ದು ಎಲ್ಲವೂ ತನಗಾಗಿ. ಅದನ್ನು ಹಿಡಿದು ಬೀಗರ ಮುಂದೆ ಬಯಲಿಗಿಟ್ಟವನೂ ತಾನೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ಸುಮ್ಮನೆ ಹೇಳುವುದಿಲ್ಲ. ಹೆಗ್ಗಣ ತನ್ನ ಗುಣ ಬಿಡದೆ ಮನೆಯ ಬುಡವನ್ನೇ ತೋಡಿಟ್ಟಿತ್ತು.

ಎಲ್ಲರೂ ದೊಡ್ಡಗಂಗಮ್ಮನನ್ನು ನೋಡುತ್ತಿದ್ದರು. ಆಕೆ ನಿಧಾನವಾಗಿ ಹೇಮಶ್ರೀಯ ಎರಡೂ ಕೆನ್ನೆಗೆ ಅರಿಶಿನ ಹಚ್ಚಿ ಮುಗಿಸಿದರು. ಕೈ ಒರೆಸಿಕೊಂಡು ಗಂಗಲಕ್ಷ್ಮಮ್ಮನ ಕಡೆ ತಿರುಗಿದರು.

'ಮೂತಿ ದೇವ್ರು ಕೊಟ್ಟಿದ್ದೇ ಹಿಂಗೆ ಕಣಮ್ಮ, ಏನ್ಮಾಡ್ಲಿ. ನಿಮ್ ಗಂಟ್ಲು ಚೆನ್ನಾಗೈತಂತಲ್ಲ, ಹಾಡ್ರಿ. ಆ ಡಬ್ಬ ನಿಲ್ತಲ್ಲ, ಪುಣ್ಯ.'

ಇಡೀ ಛತ್ರ ನಕ್ಕಿತು. ಆಕೆಯೂ ನಕ್ಕರು, ಮೂತಿ ಆಗಲೂ ಹಾಗೇ ಇತ್ತು. ಗಂಗಲಕ್ಷ್ಮಮ್ಮ ಕತ್ತಿನ ಟವೆಲ್ ಬಿಚ್ಚಿ, ನೀಟಾಗಿ ಮಡಿಸಿ ಹಸೆಯ ಪಕ್ಕ ಇಟ್ಟರು. ತಂಗಿಯನ್ನು ಕಣ್ಣಲ್ಲೇ ಹತ್ತಿರ ಕರೆದು ಪದ ಎತ್ತಿದರು.

ಮೈಕಿಲ್ಲ, ಸ್ಪೀಕರಿಲ್ಲ. ಮೊದಲ ಸಾಲು ಎಷ್ಟು ತಗ್ಗಿನಲ್ಲಿ ಶುರುವಾಯಿತೆಂದರೆ ಹಿಂದಿನ ಕುರ್ಚಿಯವರು ಎದ್ದು ಮುಂದೆ ಬಂದರು, ಮಕ್ಕಳನ್ನು ತಾಯಂದಿರು ಸುಮ್ಮನಿರಿಸಿದರು. ಎರಡನೇ ಸಾಲಿಗೆ ದನಿ ಒಂದು ಮೆಟ್ಟಿಲು ಹತ್ತಿತು, ಮೂರನೆಯದಕ್ಕೆ ತಂಗಿ ದನಿ ಜೋಡಿಸಿದಾಗ ಏರಿ ನಿಂತಿತು, ಆಮೇಲೆ ಮತ್ತೆ ಇಳಿದು ಮಗಳ ಕಿವಿಗೆ ಮಾತ್ರ ಹೇಳಿದಷ್ಟು ಸಣ್ಣದಾಯಿತು. ಹೇಮಶ್ರೀ ಅಳಲು ಶುರುಮಾಡಿದಳು. ಕಂಬಕ್ಕೆ ಒರಗಿ ನಿಂತ ಭಾನುಪ್ರಕಾಶನಿಗೂ ಕಣ್ಣು ತುಂಬಿತು. ಗಂಟಲು ನೋವಿನಿಂದ ಏರುಪೇರಾಗಿದೆ ಎಂದುಕೊಂಡು ತಾನು ಸಂಜೆಗಟ್ಟಲೆ ಕೂತು ಮಟ್ಟ ಮಾಡಿದ್ದು ಇದನ್ನೇ. ಇಷ್ಟು ದಿನ ತಾನು ಹುಡುಕುತ್ತಿದ್ದ ಎನರ್ಜಿ ಆ ಏರಿಳಿತದಲ್ಲೇ ಇತ್ತು, ಅದನ್ನು ಕೆರೆದು ತೆಗೆದು ಅದರ ಜಾಗಕ್ಕೆ ಸೌಂಡು ಸುರಿದಿದ್ದ.

ಅಣ್ಣಯ್ಯಪ್ಪ ಬಂದು ಪಕ್ಕದಲ್ಲಿ ನಿಂತರು. ಬೈಗುಳಕ್ಕೆ ಭಾನುಪ್ರಕಾಶ್ ಬೆನ್ನು ಗಟ್ಟಿ ಮಾಡಿಕೊಂಡ.

'ಇವ್ಳು ಒಳಗೊಳಗೇ ಗೊಣಗ್ತಿದ್ದಿದ್ದು ಇಷ್ಟ್ ವರ್ಷಕ್ಕೆ ಇವತ್ತು ಕೇಳಿಸ್ತು ಕಣ್ಲಾ ನಂಗೆ' ಎಂದರು ಅಪ್ಪ. ಸ್ವಲ್ಪ ಹೊತ್ತು ಹಾಡು ಕೇಳಿದರು. 'ಬಾಗ್ಲು ಕಡೆ ಗೋಡೆಗೆ ಕೊಬ್ಬರಿ ಚೀಲ ಇಟ್ಕತೀನಿ. ಮಿಕ್ಕಿದ್ದು ನೀನಿಟ್ಕ. ಆ ಮಿಷಿನ್ನ ಇನ್ಮೇಲೆ ಮನೆಯೋರ ಮೇಲೆ ಬುಡ್ಬೇಡ.'

ಮೂಲೆಯಲ್ಲಿ ತುಂಬಿದ ಚೀಲಗಳಿದ್ದರೆ ಕೋಣೆಯ ಗುಂಯ್ ಸದ್ದು ಕಡಿಮೆಯಾಗುತ್ತದೆ, ದೊಡ್ಡ ಸ್ಟುಡಿಯೋದವರು ದುಡ್ಡು ಕೊಟ್ಟು ಅಂಥದ್ದನ್ನು ಹಾಕಿಸಿಕೊಳ್ಳುತ್ತಾರೆ ಎಂದು ಭಾನುಪ್ರಕಾಶ್ ಹೇಳಿದ. ಅಪ್ಪ ಹಸೆಯ ಕಡೆ ನೋಡುತ್ತಿದ್ದರು.

ಪದ ಮುಗಿಯಿತು. ಅರಿಶಿನಕ್ಕೆ ಬಿಟ್ಟ ಜಾಗ ಬಂತು. ಒಬ್ಬಾಕೆ ಎದ್ದು ಇನ್ನೊಬ್ಬಾಕೆ ಕೂರುತ್ತಿದ್ದಳು, ಬಳೆಗಳು ಸದ್ದು ಮಾಡುತ್ತಿದ್ದವು. ಆ ಹೊತ್ತಿನಲ್ಲಿ ಭಾನುಪ್ರಕಾಶ್, ಯಾರಿಗೆ ಎಂದೂ ಯೋಚಿಸದೆ, ದೇವರು ಕೊಟ್ಟ ತನ್ನ ದನಿಯಲ್ಲಿ 'ತಪ್ಪಾಯ್ತು ಕಣಮ್ಮ' ಎಂದ.

ಅಷ್ಟು ಜನರ ತಲೆಗಳ ಆಚೆ, ಹಸೆಯ ಹಿಂದೆ ನಿಂತಿದ್ದ ಗಂಗಲಕ್ಷ್ಮಮ್ಮ ಮುಖ ಎತ್ತಿ ನೇರವಾಗಿ ಕಂಬದ ಕಡೆ ನೋಡಿದರು.

'ತಪ್ಪೇನ್ ಬುಡು. ಬಾ, ಅರಿಶಿನ ಹಚ್ಚು. ನಿನ್ ತಂಗಿ ಕಾಯ್ತಾವ್ಳೆ.'

ಭಾನುಪ್ರಕಾಶ್ ಕಂಬ ಬಿಟ್ಟು ಹೊರಟ. ಮಗ್ಗುಲಲ್ಲೇ ನಿಂತಿದ್ದ ಅಪ್ಪ ಅವನ ತೋಳು ಹಿಡಿದು, 'ಏನಂದ್ಯಲಾ ಈಗ ನೀನು?' ಎಂದು ಕೇಳಿದರು.